ಗೊಡ್ಡು ಹಸು ಸಾಗಿಸುವ ಮುಂಚೆ ಇದನ್ನೊಮ್ಮೆ ಓದಿ

ಮೊನ್ನೆ ಕೋರ್ಟಿನಿಂದ ಕೊನೆಯ ಕಾಗದ ಕೈಗೆ ಬಂತು. ಸಾಕ್ಷಿ ಇಲ್ಲ, ಕೇಸು ಮುಚ್ಚಿ ಅಂತ ಪೊಲೀಸರು ಹಾಕಿದ್ದ ಬಿ ರಿಪೋರ್ಟ್ ಒಪ್ಪಿಕೊಂಡಿದ್ದಾರೆ. ಅಂದರೆ ಬತ್ತಿದ ಹಸು ಸಾಗಿಸಿದ್ದಕ್ಕೆ ನನ್ನ ಮೇಲೂ, ಗಾಡಿ ಓಡಿಸಿದ ಸಾದಿಕ್ ಮೇಲೂ ಇದ್ದ ಗೋಹತ್ಯೆ ಕಾಯ್ದೆಯ ಕೇಸು ಮುಗಿಯಿತು. ಫೆಬ್ರವರಿ ಮೊದಲ ವಾರ ಶುರುವಾದದ್ದು ಜುಲೈಗೆ ಮುಗಿಯಿತು. ಈ ಐದು ತಿಂಗಳಲ್ಲಿ ನನಗೆ ಫೋನ್ ಮಾಡಿ "ಅಣ್ಣಾ, ಒಂದು ಹಸು ಕಳಿಸ್ಬೇಕಿತ್ತು, ಏನೇನು ಕಾಗದ ಬೇಕು?" ಅಂತ ಕೇಳಿದವರೇ ಹತ್ತು ಹದಿನೈದು ಜನ. ಒಬ್ಬೊಬ್ಬರಿಗೆ ಹೇಳುವ ಬದಲು ಎಲ್ಲಾ ಒಂದೇ ಕಡೆ ಬರೆದಿಡುತ್ತಿದ್ದೇನೆ. ನನಗಾದದ್ದು ಇನ್ನೊಬ್ಬರಿಗೆ ಆಗಬಾರದು.

ನಾನು ಮಂಡ್ಯ ಜಿಲ್ಲೆಯವನು. ಎರಡು ಎಕರೆ ನೀರಾವರಿ, ಸ್ವಲ್ಪ ಹಿಪ್ಪುನೇರಳೆ, ನಾಲ್ಕು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಅನ್ನುವ ವಿದೇಶಿ ತಳಿ) ಹಸು. ಮನೆ ನಡೆಯುವುದು ಡೇರಿ ಬಟವಾಡೆಯಿಂದ. ಸರ್ಕಾರದ ಲೀಟರಿಗೆ ಐದು ರೂಪಾಯಿ ಪ್ರೋತ್ಸಾಹಧನ ಬಂದ ತಿಂಗಳು ಸ್ವಲ್ಪ ಉಸಿರಾಡುತ್ತೇವೆ, ತಡವಾದ ತಿಂಗಳು ಸಾಲ ಮಾಡುತ್ತೇವೆ.

ನಾಲ್ಕರಲ್ಲಿ ದೊಡ್ಡವಳು ಚಂದ್ರಿ. ಮೈಯೆಲ್ಲಾ ಕಪ್ಪು, ಹಣೆ ಮೇಲೆ ಅರ್ಧ ಚಂದ್ರನ ಹಾಗೆ ಬಿಳಿ ಮಚ್ಚೆ. ಎಡಗಡೆ ಹಿಂದೊಡೆ ಮೇಲೆ ಅಂಗೈಯಗಲ ಇನ್ನೊಂದು ಬಿಳಿ ಮಚ್ಚೆ. ಈ ಮಚ್ಚೆಗಳ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ. ಐದು ಸೂಲು ಕೊಟ್ಟವಳು. ಎರಡನೇ ಸೂಲಿನಲ್ಲಿ ದಿನಕ್ಕೆ 18 ಲೀಟರ್ ಕರೆಯುತ್ತಿದ್ದಳು. ಆ ದುಡ್ಡಿನಲ್ಲೇ ಮಗಳ ಪಿಯುಸಿ ಫೀಸು ಕಟ್ಟಿದೆವು. ಐದನೇ ಸೂಲಾದ ಮೇಲೆ ಕೆಚ್ಚಲು ಬಾವು ಬಂತು. ಒಂದು ಮೊಲೆ ಕುರುಡಾಯಿತು. ಆಮೇಲೆ ಗಬ್ಬವೂ ನಿಲ್ಲಲಿಲ್ಲ. ನಾಲ್ಕು ಸಲ ಗಬ್ಬಕ್ಕೆ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಿದೆ. ಪ್ರತಿ ಸಲ ಇಪ್ಪತ್ತೊಂದನೇ ದಿನಕ್ಕೆ ಮತ್ತೆ ಬೆದೆಗೆ ಬರುತ್ತಿದ್ದಳು.

ಹಾಲಿಲ್ಲದ ಎಚ್‌ಎಫ್ ಹಸು ತಿನ್ನುವುದು ಕಡಿಮೆ ಏನಲ್ಲ. ಹುಲ್ಲು, ಬೂಸ, ಆಳಿನ ಕೂಲಿ ಎಲ್ಲಾ ಸೇರಿ ದಿನಕ್ಕೆ ನೂರ ಐವತ್ತು ರೂಪಾಯಿ ಇಲ್ಲದೆ ಆಗುವುದಿಲ್ಲ. ಅವಳ ಜೊತೆ ಎರಡು ಗಂಡು ಕರು. ಒಂದು ಎಂಟು ತಿಂಗಳದ್ದು, ಇನ್ನೊಂದು ನಾಲ್ಕು ತಿಂಗಳದ್ದು. ಎಚ್‌ಎಫ್ ಗಂಡು ಕರು ಯಾರಿಗೂ ಬೇಡ. ಹಳ್ಳಿಕಾರ್ ಹೋರಿಕರುವಾದರೆ ಹೇಮಗಿರಿ ಜಾತ್ರೆಯಲ್ಲೋ ಚುಂಚನಕಟ್ಟೆ ಜಾತ್ರೆಯಲ್ಲೋ ಜನ ಮುಗಿಬಿದ್ದು ಕೊಳ್ಳುತ್ತಾರೆ. ಎಚ್‌ಎಫ್ ಕರುವಿಗೆ ಇಣಿಲು (ಹೆಗಲ ಮೇಲಿನ ಡುಬ್ಬ) ಇಲ್ಲ, ಬಿಸಿಲು ತಡೆಯುವುದಿಲ್ಲ, ನೊಗಕ್ಕೆ ಒಗ್ಗುವುದಿಲ್ಲ.

ಮುಂಚೆ ಹೇಗಿತ್ತು ಅಂತ ನೇರವಾಗಿ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಪ್ರಯೋಜನ ಇಲ್ಲ. ನಾಲ್ಕು ತಿಂಗಳಿಗೊಮ್ಮೆ ವ್ಯಾಪಾರದವರು ಮನೆ ಬಾಗಿಲಿಗೇ ಬರುತ್ತಿದ್ದರು. ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುತ್ತಿದ್ದರು. ಬತ್ತಿದ ಹಸುವಿಗೆ ಹದಿನೈದರಿಂದ ಇಪ್ಪತ್ತು ಸಾವಿರ ಸಿಗುತ್ತಿತ್ತು. ಎಲ್ಲಿಗೆ ಹೋಗುತ್ತದೆ ಅಂತ ನಾವೂ ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ. ಹೊಡೆದುಕೊಂಡು ಹೋಗುವಾಗ ನನ್ನವ್ವ ಒಳಗೆ ಹೋಗಿ ಕೂತುಬಿಡುತ್ತಿದ್ದಳು, ನೋಡುತ್ತಿರಲಿಲ್ಲ. ಆ ದುಡ್ಡಿಗೆ ಇನ್ನೊಂದಿಷ್ಟು ಸಾಲ ಸೇರಿಸಿ ಹೊಸ ಹಸು ತರುತ್ತಿದ್ದೆವು. ಹಳೇ ಹಸುವಿನ ದುಡ್ಡೇ ಹೊಸ ಹಸುವಿನ ಮುಂಗಡ. ಹಾಲಿನ ಲೆಕ್ಕ ಕೂಡಿ ಬರುತ್ತಿದ್ದದ್ದು ಅದರಿಂದಲೇ.

ನಮ್ಮ ರಾಜ್ಯದ 1964ರ ಹಳೇ ಗೋಹತ್ಯೆ ತಡೆ ಕಾಯ್ದೆಯಲ್ಲೂ ಹಸು ಕಡಿಯುವ ಹಾಗಿರಲಿಲ್ಲ. ಹನ್ನೆರಡು ವರ್ಷ ದಾಟಿದ ಇಲ್ಲವೇ ಪೂರ್ತಿ ಕೆಲಸಕ್ಕೆ ಬಾರದಂತಾದ ಎತ್ತು, ಹೋರಿ, ಎಮ್ಮೆಗೆ ಮಾತ್ರ ಸರ್ಟಿಫಿಕೇಟ್ ಮೇಲೆ ಅವಕಾಶ ಇತ್ತು. ತಪ್ಪಿದರೆ ಹೆಚ್ಚೆಂದರೆ ಆರು ತಿಂಗಳು ಜೈಲು, ಒಂದು ಸಾವಿರ ದಂಡ. 2020ರ ಡಿಸೆಂಬರಿನಲ್ಲಿ ಹೊಸ ಮಸೂದೆ ವಿಧಾನಸಭೆಯಲ್ಲಿ ಪಾಸಾಯಿತು. ಸುಗ್ರೀವಾಜ್ಞೆಯಾಗಿ 2021ರ ಜನವರಿ 18ರಿಂದ ಜಾರಿಗೂ ಬಂತು. ಈಗ ಹಸು, ಕರು, ಎತ್ತು, ಹೋರಿ ಯಾವ ವಯಸ್ಸಿನದ್ದಾದರೂ ಕಡಿಯುವಂತಿಲ್ಲ. ಎಮ್ಮೆ, ಕೋಣ ಹದಿಮೂರು ವರ್ಷ ದಾಟಿರಬೇಕು. ಶಿಕ್ಷೆ ಮೂರರಿಂದ ಏಳು ವರ್ಷ, ದಂಡ ಒಂದು ದನಕ್ಕೆ ಐವತ್ತು ಸಾವಿರದಿಂದ ಶುರು. ಕಡಿಯುವುದಕ್ಕೆ ಅಂತ ಮಾರುವುದು, ಸಾಗಿಸುವುದು ಕೂಡ ಅಪರಾಧ. ಮಾರಿದ ರೈತನೂ ಸಿಕ್ಕಿಬೀಳಬಹುದು.

ಆಮೇಲೆ ವ್ಯಾಪಾರದವರು ಬರುವುದು ನಿಂತಿತು. ಅಲ್ಲೊಬ್ಬ ಇಲ್ಲೊಬ್ಬ ರಾತ್ರಿ ಹೊತ್ತು ಬಂದು ಎರಡು ಮೂರು ಸಾವಿರಕ್ಕೆ ಕೇಳುತ್ತಾನೆ. ನನಗೆ ಅದು ಬೇಡವಾಗಿತ್ತು. ಗಂಡು ಕರುಗಳನ್ನು ರಾತ್ರೋರಾತ್ರಿ ದೇವಸ್ಥಾನದ ಮುಂದೆ ಕಟ್ಟಿಬರುವವರು ನಮ್ಮ ಕಡೆ ಇದ್ದಾರೆ. ಹಾಲು ಬಿಡದೆ ಸಾಯಿಸುವವರೂ ಇದ್ದಾರೆ. ಬರೆಯೋಕೆ ಸಂಕಟ ಆಗುತ್ತದೆ, ಆದರೆ ನಡೆಯುತ್ತಿರುವುದು ಇದೇ.

ಜನವರಿಯಲ್ಲಿ ಒಂದು ದಾರಿ ಸಿಕ್ಕಿತು. ನನ್ನ ದೊಡ್ಡಕ್ಕನ ಗಂಡನ ಕಡೆ ನೆಂಟರೊಬ್ಬರು ತಿಪಟೂರು ಕಡೆ ತೆಂಗಿನ ತೋಟ ಮಾಡಿಕೊಂಡಿದ್ದಾರೆ. ಕೊಟ್ಟಿಗೆ ಗೊಬ್ಬರ ಕೊಂಡು ಹಾಕಿ ಸಾಕಾಗಿತ್ತು ಅವರಿಗೆ. "ಹಾಲು ಬೇಡ ಕಣಪ್ಪ, ಸಗಣಿ ಗಂಜಲ ಸಾಕು. ತೋಟದಲ್ಲಿ ಹುಲ್ಲು ಬೇಕಾದಷ್ಟಿದೆ. ಮೂರನ್ನೂ ಕಳಿಸು" ಅಂದರು. ಮೂರಕ್ಕೂ ಸೇರಿ ಎಂಟು ಸಾವಿರ ಅಂತ ಮಾತಾಯಿತು. ದುಡ್ಡಿಗಿಂತ ಚಂದ್ರಿ ಒಳ್ಳೇ ಕಡೆ ಸೇರುತ್ತಾಳೆ ಅಂತ ಮನೆಯಲ್ಲೆಲ್ಲರಿಗೂ ಸಮಾಧಾನ.

ಇಲ್ಲಿ ನಾನು ಮಾಡಿದ ತಪ್ಪು ಹೇಳಬೇಕು. ಪಶು ವೈದ್ಯರ ಸರ್ಟಿಫಿಕೇಟ್ ಬೇಕು ಅಂತ ನನಗೆ ಗೊತ್ತಿತ್ತು. ನಮ್ಮ ಆಸ್ಪತ್ರೆಯಲ್ಲಿ ಕಾಯಂ ಡಾಕ್ಟರ್ ಇರಲಿಲ್ಲ. ಬೇರೆ ಕಡೆಯ ಡಾಕ್ಟರು ವಾರಕ್ಕೆ ಎರಡು ದಿನ ಬರುತ್ತಿದ್ದರು. ನಾನು ಹೋದ ಎರಡು ಸಲವೂ ಅವರು ಲಸಿಕೆ ಕ್ಯಾಂಪಿನಲ್ಲಿದ್ದರು. ಅಷ್ಟರಲ್ಲಿ ನೆಂಟರು ಕೊಟ್ಟಿಗೆ ರೆಡಿ ಮಾಡಿಕೊಂಡು ಕಾಯುತ್ತಿದ್ದರು. "ನೆಂಟರ ಮನೆಗೆ ತಾನೇ, ಯಾರು ಕೇಳ್ತಾರೆ" ಅಂತ ಹೊರಟುಬಿಟ್ಟೆ.

ಇನ್ನೊಂದು ತಪ್ಪು ಗಾಡಿಯದ್ದು. ಪಕ್ಕದ ಊರಿನ ಸಾದಿಕ್‌ನ ಟಾಟಾ ಏಸ್ ಹೇಳಿದೆ. ನಮ್ಮ ರೇಷ್ಮೆ ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗುವುದು ಅವನ ಗಾಡಿಯಲ್ಲೇ. ನಂಬಿಕೆಯ ಹುಡುಗ. ಬಿಸಿಲಾಗುವ ಮುಂಚೆ ತಲುಪಲಿ ಅಂತ ಬೆಳಗಿನ ಜಾವ ನಾಲ್ಕೂವರೆಗೆ ಹೊರಟೆವು. ಕತ್ತಲಲ್ಲಿ, ಚಿಕ್ಕ ಗಾಡಿಯಲ್ಲಿ, ಕಾಗದ ಇಲ್ಲದೆ ಮೂರು ದನ. ನೋಡಿದವರಿಗೆ ಏನನ್ನಿಸುತ್ತದೆ ಅಂತ ಆಗ ನನಗೆ ಹೊಳೆಯಲೇ ಇಲ್ಲ.

ಅರ್ಧ ದಾರಿ ದಾಟಿದ ಮೇಲೆ ಒಂದು ಸರ್ಕಲ್‌ನಲ್ಲಿ ಬೈಕಿನಲ್ಲಿದ್ದ ಐದಾರು ಹುಡುಗರು ಅಡ್ಡ ಹಾಕಿದರು. ನಾನು ಹಿಂದೆ ನನ್ನ ಬೈಕಿನಲ್ಲಿ ಬರುತ್ತಿದ್ದೆ. ತಲುಪುವಷ್ಟರಲ್ಲಿ ಕೀ ಕಿತ್ತುಕೊಂಡಿದ್ದರು. ಒಬ್ಬ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದ. ಸಾದಿಕ್‌ನ ಹೆಸರು ಕೇಳಿದರು. ಹೆಸರು ಕೇಳಿದ ಮೇಲೆ ಮಾತಿನ ಧಾಟಿಯೇ ಬದಲಾಯಿತು. ಒಬ್ಬ ಕಪಾಳಕ್ಕೆ ಹೊಡೆದ. "ಹಸು ನಂದು ಕಣ್ರಪ್ಪಾ, ಗಾಡಿ ನಾನು ಮಾಡ್ಕೊಂಡು ಬಂದಿರೋದು" ಅಂತ ನಾನು ಕೂಗಿದೆ. ನೆಂಟರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಕೇಳುವ ಸ್ಥಿತಿಯಲ್ಲಿ ಅವರಿರಲಿಲ್ಲ. ನಾನೇ 112ಕ್ಕೆ ಫೋನ್ ಮಾಡಿದೆ. ಅದು ನಾನು ಆವತ್ತು ಮಾಡಿದ ಒಂದೇ ಸರಿಯಾದ ಕೆಲಸ ಅಂತ ಆಮೇಲೆ ವಕೀಲರು ಹೇಳಿದರು. ಯಾರು ಮೊದಲು ಪೊಲೀಸರನ್ನು ಕರೆದರು ಅನ್ನುವುದು ದಾಖಲೆಯಲ್ಲಿ ಉಳಿಯಿತು.

ನಿಮಗೂ ಹೀಗಾದರೆ ಒಂದು ವಿಷಯ ಗೊತ್ತಿರಲಿ. ಈ ಕಾಯ್ದೆಯಡಿ ತಪಾಸಣೆ ಮಾಡಿ ಜಪ್ತಿ ಮಾಡುವ ಅಧಿಕಾರ ಇರುವುದು ಎಸ್‌ಐ ಅಥವಾ ಅದಕ್ಕಿಂತ ಮೇಲಿನ ಪೊಲೀಸ್ ಅಧಿಕಾರಿಗೆ, ಇಲ್ಲವೇ ಸರ್ಕಾರ ನೇಮಿಸಿದ ಸಕ್ಷಮ ಅಧಿಕಾರಿಗೆ. ದಾರಿಯಲ್ಲಿ ಹೋಗುವವರಿಗೆ ಇಲ್ಲ. ಆದರೆ ಕತ್ತಲಲ್ಲಿ ಆರು ಜನ ಸುತ್ತ ನಿಂತಾಗ ಕಾನೂನು ಮಾತಾಡಲು ಹೋಗಬೇಡಿ. ಗಾಡಿ ಬಿಟ್ಟು ಓಡಲೂಬೇಡಿ. 112ಕ್ಕೆ ಹೇಳಿ, ಅಲ್ಲೇ ಇರಿ.

ಸ್ಟೇಷನ್ನಿನಲ್ಲಿ ಬೆಳಗ್ಗೆ ಆರರಿಂದ ಸಂಜೆ ನಾಲ್ಕರವರೆಗೆ ಕೂತಿದ್ದೆವು. ಎಸ್‌ಐ ಕೆಟ್ಟವರೇನಲ್ಲ. ಕೂರಿಸಿ ಮಾತಾಡಿಸಿದರು. "ನೀವು ಹೇಳೋದು ನಿಜ ಇರಬಹುದು. ಕಾಗದ ಎಲ್ಲಿ?" ಅಂದರು. ನನ್ನ ಹತ್ತಿರ ಆಧಾರ್ ಕಾರ್ಡ್ ಬಿಟ್ಟರೆ ಏನೂ ಇರಲಿಲ್ಲ. ಚಂದ್ರಿಯ ಕಿವಿಯಲ್ಲಿ ಹಳದಿ ಓಲೆ, ಅಂದರೆ ಪಶು ಆಸ್ಪತ್ರೆಯವರು ಹಾಕುವ ಗುರುತಿನ ನಂಬರಿನ ಬಿಲ್ಲೆ, ನೋಡಲು ಹೋದರು. ಓಲೆ ಇಲ್ಲ! ಗೂಟಕ್ಕೆ ಸಿಕ್ಕಿ ಯಾವತ್ತೋ ಹರಿದುಹೋಗಿತ್ತು, ಕಿವಿಯಲ್ಲಿ ಸೀಳು ಮಾತ್ರ ಇತ್ತು. ಕರುಗಳಿಗೆ ಓಲೆ ಹಾಕಿಸಿಯೇ ಇರಲಿಲ್ಲ. ಗಂಡು ಕರುವಿಗೆ ಯಾಕೆ ಅಂತ ಬಿಟ್ಟಿದ್ದೆ. ಹನ್ನೆರಡು ಅಂಕಿಯ ಆ ನಂಬರ್ ಇಲ್ಲದೆ ಹಸು ನಿಮ್ಮದು ಅಂತ ಹೇಳುವುದೇ ಕಷ್ಟ. ಗೂಟದಲ್ಲಿರುವ ದನಗಳ ಕಿವಿಯನ್ನು ಇವತ್ತೇ ಹೋಗಿ ನೋಡಿ. ಓಲೆ ಬಿದ್ದಿದ್ದರೆ ಪಶು ಆಸ್ಪತ್ರೆಯಲ್ಲಿ ಹೊಸದು ಹಾಕಿಸಿ, ಹಳೇ ನಂಬರಿನ ಬದಲು ಹೊಸ ನಂಬರನ್ನು ಅವರ ಕಂಪ್ಯೂಟರಿನಲ್ಲಿ ಏರಿಸಿದರಾ ಅಂತ ಕೇಳಿ ಖಾತ್ರಿ ಮಾಡಿಕೊಳ್ಳಿ. ಗಂಡು ಕರುವಿಗೂ ಹಾಕಿಸಿ.

ಅಡ್ಡ ಹಾಕಿದವರಲ್ಲಿ ಒಬ್ಬ ದೂರು ಬರೆದುಕೊಟ್ಟ. ಎಫ್‌ಐಆರ್ ಆಯಿತು. ಗೋಹತ್ಯೆ ಕಾಯ್ದೆಯ ಜೊತೆಗೆ ಪ್ರಾಣಿ ಹಿಂಸೆ ತಡೆ ಕಾಯ್ದೆಯೂ ಸೇರಿತು, ಯಾಕೆಂದರೆ ಚಿಕ್ಕ ಗಾಡಿಯಲ್ಲಿ ಮೂರು ದನ ತುಂಬಿದ್ದೆವು. ಅರೆಸ್ಟ್ ಮಾಡಲಿಲ್ಲ. ಏಳು ವರ್ಷದವರೆಗಿನ ಶಿಕ್ಷೆಯ ಕೇಸುಗಳಲ್ಲಿ ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲು ಬಂದ ಹೊಸ ಕಾನೂನು) 35(3)ರಡಿ ನೋಟಿಸ್ ಕೊಟ್ಟು ಕಳಿಸಬಹುದು. ಹಾಗೆ ಇಬ್ಬರಿಗೂ ನೋಟಿಸ್ ಕೊಟ್ಟರು. ಕರೆದಾಗಲೆಲ್ಲಾ ಹೋಗಬೇಕು. ಅದನ್ನು ತಪ್ಪಿಸಬೇಡಿ, ತಪ್ಪಿಸಿದರೆ ಅರೆಸ್ಟ್ ಮಾಡಲು ಅವರಿಗೆ ಕಾರಣ ಸಿಗುತ್ತದೆ.

ಚಂದ್ರಿಯನ್ನೂ ಕರುಗಳನ್ನೂ ಗೋಶಾಲೆಗೆ ಕಳಿಸಿದರು. ಗಾಡಿ ಸ್ಟೇಷನ್ ಹಿಂದಿನ ಖಾಲಿ ಜಾಗದಲ್ಲಿ ನಿಂತಿತು. ಸಂಜೆ ಬಸ್ಸಿನಲ್ಲಿ ಸಾದಿಕ್ ನನ್ನ ಪಕ್ಕ ಕೂತಿದ್ದ. ಕೆನ್ನೆ ಊದಿಕೊಂಡಿತ್ತು. ಊರು ಬರುವವರೆಗೂ ಒಂದು ಮಾತಾಡಲಿಲ್ಲ. ಇಳಿಯುವಾಗ "ಅಣ್ಣಾ, ಹತ್ತನೇ ತಾರೀಖು ಇಎಂಐ ಇದೆ" ಅಂದ. ಅಷ್ಟೇ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮಾರನೇ ದಿನ ವಕೀಲರನ್ನು ಹಿಡಿದೆವು. ಆಗ ಗೊತ್ತಾದದ್ದು ಏನೆಂದರೆ, ಈ ಕಾಯ್ದೆಯಲ್ಲಿ ಜಪ್ತಿಯಾದ ದನ, ಗಾಡಿ ಎರಡರ ವಿಷಯವೂ ಮೊದಲು ಹೋಗುವುದು ಉಪವಿಭಾಗಾಧಿಕಾರಿಗಳ ಮುಂದೆ, ಅಂದರೆ ಎಸಿ ಆಫೀಸಿಗೆ. ಕೇಸಿನ ವಿಚಾರಣೆ ಬೇರೆ, ದನ ಬಿಡಿಸುವುದು ಬೇರೆ. ನಾನು ಎರಡು ದಿನ ಸುಮ್ಮನೆ ಕೋರ್ಟಿನ ಹತ್ತಿರ ಅಲೆದೆ. ನೀವು ನೇರ ಎಸಿ ಆಫೀಸಿಗೆ ಅರ್ಜಿ ಹಾಕಿ. ಒಂದೊಂದು ದಿನಕ್ಕೂ ಗೋಶಾಲೆ ಖರ್ಚು ಏರುತ್ತಿರುತ್ತದೆ, ಅದನ್ನು ಕಟ್ಟಬೇಕಾದವರು ನಾವೇ.

ಹಸು ನನ್ನದು ಅಂತ ತೋರಿಸಲು ನಾನು ಒಟ್ಟುಮಾಡಿದ ಕಾಗದಗಳು ಇವು. ನಮ್ಮ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿಯಿಂದ ಪತ್ರ, ಜೊತೆಗೆ ನನ್ನ ಹಾಲಿನ ಪಾಸ್ ಪುಸ್ತಕ. ಪಂಚಾಯಿತಿಯಿಂದ, ಇವರು ಇಂಥ ಊರಿನ ಹೈನುಗಾರರು ಅಂತ ಇನ್ನೊಂದು ಪತ್ರ. ಇಂಜೆಕ್ಷನ್ ಕೊಡಿಸಿದ ಚೀಟಿಗಳು. ನನ್ನ ಪಹಣಿ, ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ನಂಬರು). ನೆಂಟರ ಪಹಣಿ, ಆಧಾರ್, ಮತ್ತೆ ಅವರು ಕೈಯಾರೆ ಬರೆದು ಸಹಿ ಮಾಡಿದ ಪತ್ರ, ದನಗಳನ್ನು ತೋಟದ ಗೊಬ್ಬರಕ್ಕಾಗಿ ಸಾಕಲು ಕೊಂಡಿದ್ದೇನೆ ಅಂತ. ಇವೆಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಮೂರು ವರ್ಷದ ಹಿಂದಿನ ವಿಮೆ ಬಾಂಡು. ವಿಮೆ ಮಾಡಿಸುವಾಗ ಹಸುವಿನ ಫೋಟೋ ತೆಗೆದಿದ್ದರು. ಹಣೆಯ ಅರ್ಧ ಚಂದ್ರ, ಹಿಂದೊಡೆಯ ಮಚ್ಚೆ, ಕಿವಿಯ ಓಲೆ ನಂಬರು ಎಲ್ಲಾ ಅದರಲ್ಲಿತ್ತು. ನನ್ನ ಹೆಂಡತಿ ಅದನ್ನು ಟ್ರಂಕಿನ ತಳದಲ್ಲಿ, ಮದುವೆ ಸೀರೆ ಕೆಳಗೆ ಇಟ್ಟಿದ್ದಳು. ವಿಮೆ ಮುಗಿದರೂ ಆ ಕಾಗದ ಬಿಸಾಡಬೇಡಿ. ವಿಮೆ ಇಲ್ಲದವರು ಈಗಲೇ ಪ್ರತಿ ಹಸುವಿನ ಪಕ್ಕ ನೀವೇ ನಿಂತು, ಓಲೆ ಕಾಣುವ ಹಾಗೆ ಎರಡೂ ಮಗ್ಗುಲಿನ ಫೋಟೋ ತೆಗೆದಿಟ್ಟುಕೊಳ್ಳಿ.

ಎಸಿ ಆಫೀಸಿನಲ್ಲಿ ಮೊದಲ ದಿನಾಂಕ ಆರನೇ ದಿನಕ್ಕೆ ಸಿಕ್ಕಿತು. ಸಾಹೇಬರು ಮೀಟಿಂಗಿಗೆ ಹೋಗಿದ್ದರು. ಎರಡನೇ ದಿನಾಂಕಕ್ಕೆ ಪೊಲೀಸರ ವರದಿ ಬಂದಿರಲಿಲ್ಲ. ಮೂರನೇ ಸಲ ಕೇಳಿದರು, ಫೋಟೋ ನೋಡಿದರು, ಪಶು ವೈದ್ಯರಿಂದ ಹಸು ಗುರುತಿಸಿ ವರದಿ ಕೊಡಿ ಅಂದರು. ಮಧ್ಯೆ ಒಂದು ಎರಡನೇ ಶನಿವಾರ, ಒಂದು ಹಬ್ಬದ ರಜೆ. ನಾನು ಬೆಳಗಿನ ಹಾಲು ಕರೆದು ಡೇರಿಗೆ ಹಾಕಿ ಏಳೂವರೆ ಬಸ್ಸು ಹಿಡಿಯಬೇಕು, ಸಂಜೆ ಹಾಲಿಗೆ ವಾಪಸ್ಸು ಬರಬೇಕು. ಬರಲಾಗದ ದಿನ ಹೆಂಡತಿ ಒಬ್ಬಳೇ ಮೂರು ಹಸು ಕರೆಯುತ್ತಿದ್ದಳು.

ಹನ್ನೆರಡನೇ ದಿನ ಗೋಶಾಲೆಗೆ ಹೋದೆ. ಇನ್ನೂರಕ್ಕೂ ಜಾಸ್ತಿ ದನ, ಕೆಲಸಕ್ಕೆ ನಾಲ್ಕು ಜನ. ಅವರು ದುಷ್ಟರಲ್ಲ. ಒಬ್ಬ ಅಜ್ಜ ಬೆಳಗಿನಿಂದ ಸಗಣಿ ಬಾಚಿ ಬಾಚಿ ಸೊಂಟ ಹಿಡಿದುಕೊಂಡು ನಿಂತಿದ್ದ. ಅಷ್ಟು ದನಕ್ಕೆ ಹುಲ್ಲು ಎಲ್ಲಿಂದ ತರುವುದು? 2022ರಲ್ಲಿ ಸರ್ಕಾರ ಪುಣ್ಯಕೋಟಿ ದತ್ತು ಯೋಜನೆ ತಂದಿತು. ಗೋಶಾಲೆಯ ಒಂದು ಹಸುವನ್ನು ದತ್ತು ತೆಗೆದುಕೊಳ್ಳಲು ವರ್ಷಕ್ಕೆ 11,000 ರೂಪಾಯಿ. ಲೆಕ್ಕ ಹಾಕಿ, ದಿನಕ್ಕೆ ಮೂವತ್ತು ರೂಪಾಯಿ ಬೀಳುತ್ತದೆ. ಮೂವತ್ತು ರೂಪಾಯಿಗೆ ಎಚ್‌ಎಫ್ ಹಸುವಿನ ಅರ್ಧ ಹೊಟ್ಟೆಯೂ ತುಂಬುವುದಿಲ್ಲ. 2019ರ ಜಾನುವಾರು ಗಣತಿಯಲ್ಲಿ ನಮ್ಮ ರಾಜ್ಯದಲ್ಲಿ ಇದ್ದದ್ದು 84 ಲಕ್ಷಕ್ಕೂ ಹೆಚ್ಚು ದನ. ಅದರಲ್ಲಿನ ಹಸುಗಳೆಲ್ಲಾ ಒಂದಲ್ಲ ಒಂದು ದಿನ ಬತ್ತುವವೇ. ಎಷ್ಟು ಗೋಶಾಲೆ ಕಟ್ಟಿದರೆ ಸಾಲುತ್ತದೆ?

ಚಂದ್ರಿ ಮೂಲೆಯಲ್ಲಿ ನಿಂತಿದ್ದಳು. ಪಕ್ಕೆಲುಬು ಎಣಿಸಬಹುದಿತ್ತು. "ಚಂದ್ರೀ" ಅಂದೆ. ಕಿವಿ ಎತ್ತಿದಳು. ದನಗಳ ಮಧ್ಯೆ ನುಗ್ಗಿಕೊಂಡು ಬಂದು ನನ್ನ ತೋಳಿನಿಂದ ಭುಜದವರೆಗೆ ಒರಟು ನಾಲಿಗೆಯಲ್ಲಿ ನೆಕ್ಕಿದಳು. ಅವಳು ನಮ್ಮನೆಯಲ್ಲಿ ಕರುವಾಗಿದ್ದಾಗಿಂದಲೂ ಹೀಗೇ ನೆಕ್ಕುವುದು, ಬೆವರಿನ ಉಪ್ಪಿಗೆ. ನಾನು ಕುತ್ತಿಗೆ ತಬ್ಬಿಕೊಂಡು ಅತ್ತುಬಿಟ್ಟೆ. ದೊಡ್ಡ ಕರು ಪಕ್ಕದಲ್ಲಿತ್ತು. ಚಿಕ್ಕದು ಕಾಣಲಿಲ್ಲ. ಕೇಳಿದೆ. "ನಿನ್ನೆ ಹೋಯ್ತು ಸ್ವಾಮಿ. ಮೂರು ದಿನದಿಂದ ಬರೀ ಭೇದಿ" ಅಂದ ಅಜ್ಜ. ಮನೆಯಲ್ಲಿ ಅದಕ್ಕೆ ದಿನಾ ಒಂದು ಲೀಟರ್ ಹಾಲು ಬಿಡುತ್ತಿದ್ದೆವು.

ಒಂದು ಮಾತು ಇಲ್ಲೇ ಹೇಳುತ್ತೇನೆ. ದನ ಜಪ್ತಿಯಾಗಿ ಗೋಶಾಲೆಗೆ ಹೋದರೆ ಎರಡು ದಿನಕ್ಕೊಮ್ಮೆಯಾದರೂ ಹೋಗಿ ನೋಡಿ. ಹೋಗುವಾಗ ಒಂದು ಹೊರೆ ಹುಲ್ಲು, ಒಂದು ಮೂಟೆ ಬೂಸ ಕೊಟ್ಟು ಬನ್ನಿ. ಕರು ಇದ್ದರೆ ಅದಕ್ಕೆ ಏನು ಕುಡಿಸುತ್ತಾರೆ ಅಂತ ವಿಚಾರಿಸಿ. ನಾನು ಕಾಗದದ ಹಿಂದೆ ಓಡಾಡುತ್ತಾ ಹನ್ನೊಂದು ದಿನ ಹೋಗಲಿಲ್ಲ. ಅದು ನನಗೆ ಈಗಲೂ ಹೊಟ್ಟೆ ಉರಿಸುತ್ತದೆ.

ಹತ್ತೊಂಬತ್ತನೇ ದಿನ ಆದೇಶ ಆಯಿತು. ಮುಚ್ಚಳಿಕೆ ಬರೆದುಕೊಟ್ಟು ದನ ಬಿಡಿಸಿಕೊಂಡು ಬಂದೆ. ಷರತ್ತು ಏನೆಂದರೆ, ಕೇಸು ಮುಗಿಯುವವರೆಗೆ ಮಾರುವಂತಿಲ್ಲ, ಬೇರೆ ಕಡೆ ಸಾಗಿಸುವಂತಿಲ್ಲ, ಕೇಳಿದಾಗ ತೋರಿಸಬೇಕು. ಗೋಶಾಲೆ ಖರ್ಚು ಹಸುವಿಗೆ ದಿನಕ್ಕೆ 150, ಕರುವಿಗೆ 75. ಸತ್ತ ಕರುವಿನ ಹನ್ನೊಂದು ದಿನದ್ದೂ ಸೇರಿ 5,100 ರೂಪಾಯಿ ಕಟ್ಟಿದೆ. ಆ ರಸೀದಿ ಇನ್ನೂ ಇಟ್ಟುಕೊಂಡಿದ್ದೇನೆ.

ಗಾಡಿ ಬಿಡಿಸುವುದು ಇದಕ್ಕಿಂತ ಕಷ್ಟ ಆಯಿತು. ಗಾಡಿಯ ಬೆಲೆಯಷ್ಟು ಬ್ಯಾಂಕ್ ಗ್ಯಾರಂಟಿ ಕೊಟ್ಟರೆ ಮಾತ್ರ ಮಧ್ಯಂತರವಾಗಿ, ಅಂದರೆ ಕೇಸು ಮುಗಿಯುವ ಮುಂಚೆ, ಬಿಡುತ್ತೇವೆ ಅಂದರು. ಸಾದಿಕ್‌ನ ಗಾಡಿಗೆ 2,60,000 ಬೆಲೆ ಕಟ್ಟಿದರು. ಬ್ಯಾಂಕ್ ಗ್ಯಾರಂಟಿ ಅಂದರೆ ಬ್ಯಾಂಕಿನವರು ನಮ್ಮ ಪರವಾಗಿ ಬರೆದುಕೊಡುವ ಜವಾಬ್ದಾರಿ ಪತ್ರ. ನಮ್ಮಂಥವರಿಗೆ ಸುಮ್ನೆ ಕೊಡುವುದಿಲ್ಲ. ಅಷ್ಟೇ ಮೊತ್ತದ ಎಫ್‌ಡಿ ಇಡಿ ಅಂದರು. ಎರಡೂವರೆ ಲಕ್ಷದ ಎಫ್‌ಡಿ ಇಡುವ ಶಕ್ತಿ ಇದ್ದರೆ ಸಾದಿಕ್ ಸಾಲದ ಗಾಡಿ ಯಾಕೆ ಓಡಿಸುತ್ತಿದ್ದ? ಅವನ ತಾಯಿ ಸಂಘದಿಂದ ಒಂದು ಲಕ್ಷ ಎತ್ತಿದರು. ಉಳಿದದ್ದಕ್ಕೆ ನನ್ನ ಹೆಂಡತಿ ತನ್ನ ಸರ, ಎರಡು ಬಳೆ ತಂದು ಮುಂದಿಟ್ಟಳು. "ಅವನು ನಮ್ಮ ಕೆಲಸಕ್ಕೆ ಬಂದು ಸಿಕ್ಕಿಹಾಕಿಕೊಂಡಿದ್ದು. ಯೋಚನೆ ಮಾಡಬೇಡಿ, ಗಿರವಿ ಇಡಿ" ಅಂದಳು. ನಲವತ್ತೊಂದನೇ ದಿನಕ್ಕೆ ಗಾಡಿ ಹೊರಗೆ ಬಂತು. ಬ್ಯಾಟರಿ ಸತ್ತಿತ್ತು, ಒಂದು ಟೈರು ನೆಲಕ್ಕೆ ಅಂಟಿತ್ತು. ಅಷ್ಟರಲ್ಲಿ ಅವನ ಎರಡು ಇಎಂಐ ತಪ್ಪಿ, ಗೂಡಿನ ಬಾಡಿಗೆಗಳು ಬೇರೆಯವರ ಪಾಲಾಗಿದ್ದವು. ನಾನು ಇಪ್ಪತ್ತು ಸಾವಿರ ಕೊಟ್ಟೆ. ಅವನು ಬೇಡ ಅಂದ. ಅವನ ತಾಯಿ ಕೈಗೆ ಕೊಟ್ಟು ಬಂದೆ.

ಬಾಡಿಗೆ ಗಾಡಿ ಹೇಳುವವರಿಗೆ ಕೈಮುಗಿದು ಹೇಳುತ್ತೇನೆ. ನಮ್ಮ ಕಾಗದ ಸರಿಯಿಲ್ಲದಿದ್ದರೆ ಮೊದಲು ಮುಳುಗುವವನು ಡ್ರೈವರ್.

ಆಮೇಲೆ ಬರೀ ಕಾಯುವ ಕೆಲಸ. ತನಿಖೆಯವರು ಒಮ್ಮೆ ನಮ್ಮೂರಿಗೆ ಬಂದು ಡೇರಿಯಲ್ಲಿ ವಿಚಾರಿಸಿದರು, ತಿಪಟೂರಿಗೂ ಹೋಗಿ ನೆಂಟರ ಕೊಟ್ಟಿಗೆ ನೋಡಿದರು. ಖಾಲಿ ಗೊಂತು, ಹೊಸದಾಗಿ ಹಾಸಿದ ಕಲ್ಲು. ಕೊನೆಗೆ, ಕಡಿಯುವುದಕ್ಕೆ ಸಾಗಿಸುತ್ತಿದ್ದರು ಅನ್ನಲು ಸಾಕ್ಷಿ ಇಲ್ಲ ಅಂತ ಬಿ ರಿಪೋರ್ಟ್ ಹಾಕಿದರು. ಅಲ್ಲಿಗೇ ಮುಗಿಯಿತು ಅಂದುಕೊಳ್ಳಬೇಡಿ. ದೂರು ಕೊಟ್ಟವನಿಗೆ ಕೋರ್ಟು ನೋಟಿಸ್ ಕಳಿಸುತ್ತದೆ, ಅವನು ತಕರಾರು ಹಾಕಬಹುದು. ಆ ಹುಡುಗ ಎರಡು ದಿನಾಂಕಕ್ಕೂ ಬರಲಿಲ್ಲ. ಮೂರನೇ ದಿನಾಂಕಕ್ಕೆ ಒಪ್ಪಿಕೊಂಡರು.

ಖರ್ಚಿನ ಲೆಕ್ಕ ಕೇಳುವವರಿಗೆ: ವಕೀಲರಿಗೆ 18,000. ಗೋಶಾಲೆಗೆ 5,100. ಬ್ಯಾಂಕ್ ಕಮಿಷನ್ ಮತ್ತು ಒಡವೆ ಸಾಲದ ಬಡ್ಡಿ 7,400. ಸಾದಿಕ್‌ಗೆ 20,000. ಬಸ್ಸು, ಜೆರಾಕ್ಸ್, ಛಾಪಾ ಕಾಗದ, ಹೋಟೆಲು ಎಲ್ಲಾ ಸೇರಿ ನಾಲ್ಕು ಸಾವಿರ. ಒಟ್ಟು 54,500. ಐದು ತಿಂಗಳು ಚಂದ್ರಿಗೆ ಹಾಕಿದ ಮೇವು ಇದರಲ್ಲಿ ಸೇರಿಲ್ಲ. ಎಂಟು ಸಾವಿರದ ವ್ಯಾಪಾರಕ್ಕೆ ಇಷ್ಟು. ಈ ದುಡ್ಡಿಗೆ ಇಪ್ಪತ್ತು ಸಾವಿರ ಸೇರಿಸಿದ್ದರೆ ಒಂದು ಒಳ್ಳೇ ಹಸು ಬರುತ್ತಿತ್ತು.

ಕಾಗದ ಕೈಗೆ ಬಂದ ಮೂರನೇ ದಿನ ಮತ್ತೆ ಹೊರಟೆವು. ಈ ಸಲ ಎಲ್ಲಾ ಸರಿಯಾಗಿ. ಎರಡಕ್ಕೂ ಹೊಸ ಓಲೆ. ಡಾಕ್ಟರು ಬೆಳಗ್ಗೆ ಬಂದು ಜ್ವರ ನೋಡಿ, ಕಾಲು ಬಾಯಿ ನೋಡಿ, ಪ್ರಯಾಣಕ್ಕೆ ಯೋಗ್ಯ ಅಂತ ಓಲೆ ನಂಬರು ಹಾಕಿ ಬರೆದುಕೊಟ್ಟರು. ಎಲ್ಲಿಂದ ಎಲ್ಲಿಗೆ, ಯಾರಿಂದ ಯಾರಿಗೆ, ಗಾಡಿ ನಂಬರು ಎಲ್ಲಾ ಅದರಲ್ಲಿತ್ತು. ಗಾಡಿ ನಂಬರು ಬರೆಸುವುದು ಮರೆಯಬೇಡಿ. ಕೊನೇ ಗಳಿಗೆಯಲ್ಲಿ ಗಾಡಿ ಬದಲಾದರೆ ಕಾಗದವನ್ನೂ ಬದಲಾಯಿಸಿಕೊಳ್ಳಿ.

ಗಾಡಿ ಕ್ಯಾಂಟರ್, ಬಾಡಿಗೆ 6,500. ದುಬಾರಿಯೇ. ಆದರೆ ಮೋಟಾರು ವಾಹನ ನಿಯಮದಲ್ಲಿ ಒಂದು ಹಸುವಿಗೆ ಎರಡು ಚದರ ಮೀಟರ್ ಜಾಗ ಇರಬೇಕು. ಟಾಟಾ ಏಸ್‌ನಲ್ಲಿ ಹಸು ಒಂದು ನಿಂತರೆ ಇನ್ನೊಂದಕ್ಕೆ ಲೆಕ್ಕದ ಪ್ರಕಾರ ಜಾಗ ಸಾಲುವುದಿಲ್ಲ. 1978ರ ಪ್ರಾಣಿ ಸಾಗಣೆ ನಿಯಮದಲ್ಲಿ ಇನ್ನೂ ಇದೆ. ಲಾರಿಯಾದರೂ ಆರು ದನಕ್ಕಿಂತ ಜಾಸ್ತಿ ಹಾಕುವಂತಿಲ್ಲ. ದನಗಳ ಮುಖ ಆದಷ್ಟೂ ಇಂಜಿನ್ ಕಡೆಗಿರಬೇಕು. ಕೆಳಗೆ ಕಾಲು ಜಾರದ ಹಾಗೆ ತೆಂಗಿನ ನಾರಿನ ಚಾಪೆಯೋ ಮರದ ಹಲಗೆಯೋ ಇರಬೇಕು. ನೋಡಿಕೊಳ್ಳಲು ಒಬ್ಬ ಜೊತೆಗಿರಬೇಕು. ಮೇವು, ನೀರು, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇರಬೇಕು. ನಾವು ಭತ್ತದ ಹುಲ್ಲನ್ನೂ ಮೊಣಕೈ ಮುಳುಗುವಷ್ಟು ಹಾಸಿದೆವು. ಬೆಳಗ್ಗೆ ಹತ್ತು ಗಂಟೆಗೆ, ಒಳ್ಳೇ ಬೆಳಕಿನಲ್ಲಿ ಹೊರಟೆವು. ಎಲ್ಲಾ ಕಾಗದ ಎರಡು ಸೆಟ್ ಜೆರಾಕ್ಸ್. ಒಂದು ಡ್ರೈವರ್ ಹತ್ತಿರ, ಇನ್ನೊಂದು ನನ್ನ ಹತ್ತಿರ.

ಚೆಕ್‌ಪೋಸ್ಟಿನಲ್ಲಿ ಕೈ ಅಡ್ಡ ಮಾಡಿದರು. ನನ್ನ ಎದೆ ಢವಢವ ಅಂತಿತ್ತು. ಎಎಸ್‌ಐ ಒಬ್ಬರು ಕಾಗದ ಓದಿ, ಹಿಂದೆ ಬಂದು ಓಲೆ ನಂಬರು ನೋಡಿ, "ಹೋಗಿ" ಅಂದರು. ಎರಡು ನಿಮಿಷ ಹಿಡಿಯಿತೇನೋ.

ಸಾಕಲು ಕೊಳ್ಳುವ ನೆಂಟರು ಎಲ್ಲರಿಗೂ ಸಿಗುವುದಿಲ್ಲ, ಅದು ನನಗೆ ಗೊತ್ತು. ಕಾಗದ ಮಾಡಿಸಿದರೂ ಬತ್ತಿದ ಹಸು ಕೊಳ್ಳುವವರು ಎಲ್ಲಿ ಅನ್ನುವ ಪ್ರಶ್ನೆ ಹಾಗೇ ಇದೆ. ಆ ಇಪ್ಪತ್ತು ಸಾವಿರ ಹೋದ ಜಾಗಕ್ಕೆ ಇವತ್ತಿನವರೆಗೆ ಬೇರೆ ಏನೂ ಬಂದಿಲ್ಲ. ಹಸು ಉಳಿಯಬೇಕು ಅಂತ ಕಾಯ್ದೆ ಮಾಡಿದವರು ಅದರ ಮೇವಿನ ಖರ್ಚನ್ನೂ ಹಂಚಿಕೊಳ್ಳಬೇಕು. ಹಾಲು ಕೊಡುವಾಗ ಸಂಘ ಕೊಂಡುಕೊಳ್ಳುತ್ತದೆ. ಬತ್ತಿದ ಮೇಲಿನ ಏಳೆಂಟು ವರ್ಷವನ್ನು ಎರಡು ಎಕರೆಯವನೊಬ್ಬನೇ ಹೊರಲಿ ಅನ್ನುವುದು ನ್ಯಾಯ ಅಲ್ಲ. ಸದ್ಯಕ್ಕೆ ನಾನು ಮಾಡುತ್ತಿರುವುದು ಇಷ್ಟು: ಉಳಿದ ಮೂರು ಹಸುಗಳಿಗೆ ಇನ್ನು ಮುಂದೆ ಲಿಂಗ ನಿರ್ಧರಿತ ವೀರ್ಯದ ಇಂಜೆಕ್ಷನ್ನೇ ಕೊಡಿಸುತ್ತೇನೆ. ನೂರಕ್ಕೆ ತೊಂಬತ್ತು ಹೆಣ್ಣು ಕರು ಆಗುತ್ತದೆ. ಗಂಡು ಕರುವಿನ ಸಂಕಟವಾದರೂ ತಪ್ಪಲಿ. ಕೆಚ್ಚಲು ಬಾವು ತಡೆಯಲು ಹಾಲು ಕರೆದ ಮೇಲೆ ಮೊಲೆ ಅದ್ದುವ ಔಷಧಿ ತಂದಿದ್ದೇನೆ.

ನಾವು ಮುಟ್ಟಿದಾಗ ನೆಂಟರ ಮನೆಯವರು ಆರತಿ ತಟ್ಟೆ ಹಿಡಿದು ನಿಂತಿದ್ದರು. ಚಂದ್ರಿ ಇಳಿಯಲು ಸ್ವಲ್ಪ ಹಟ ಮಾಡಿದಳು. ಆಮೇಲೆ ತೆಂಗಿನ ಮರದ ನೆರಳಿಗೆ ಹೋಗಿ ಹುಲ್ಲಿಗೆ ಬಾಯಿ ಹಾಕಿದಳು. ಕರುವನ್ನು ಅವಳ ಪಕ್ಕದಲ್ಲೇ ಕಟ್ಟಿದರು. ನೆಂಟರು ಏಳು ಸಾವಿರ ಎಣಿಸಿ ಕೊಟ್ಟರು. ಒಂದು ಕರು ಕಡಿಮೆ ಆಗಿತ್ತಲ್ಲ. ಆ ದುಡ್ಡನ್ನು ಹಾಗೇ ತೆಗೆದುಕೊಂಡು ಹೋಗಿ ಒಡವೆ ಸಾಲಕ್ಕೆ ಕಟ್ಟಿದೆ. ಬ್ಯಾಂಕ್ ಗ್ಯಾರಂಟಿ ವಾಪಸ್ ಪಡೆಯಲು ಮುಂದಿನ ಬುಧವಾರ ಎಸಿ ಆಫೀಸಿಗೆ ಬರಲು ಹೇಳಿದ್ದಾರೆ. ಸಾದಿಕ್‌ನೂ ಬರುತ್ತಾನೆ.